ಮೋರ್ಯರ ಮನೆಯೂ ನಮ್ಮ ಕೇರಿಯ ಸ್ಮಶಾನವೂ



ಹದಿನೈದು ದಿನದಿಂದ ನನ್ನ ವಾಟ್ಸಾಪಿಗೆ ಒಂದೇ ವಿಡಿಯೊ ನಾಲ್ಕೈದು ಗುಂಪಿನಿಂದ ಬಂದಿದೆ. ಕೊಪ್ಪಳ ಜಿಲ್ಲೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟ, ಅದರ ಮೇಲಿನ ಕಲ್ಲುಮನೆಗಳು, ಕಲ್ಲುವೃತ್ತಗಳು. ಡ್ರೋನಿನಲ್ಲಿ ತೆಗೆದ ಚಿತ್ರ, ಹಿಂದೆ ತಮಟೆ ಸದ್ದು. "ಇದು ಮೂಲನಿವಾಸಿಗಳ ರಾಜಧಾನಿ, ಅವತ್ತು ನಾವೇ ದೊರೆಗಳು, ಎಲ್ಲರಿಗೂ ಹಂಚಿ" ಅಂತ ಬರಹ. ನಾನು ಹಂಚಿಲ್ಲ. ಯಾಕೆ ಹಂಚಿಲ್ಲ ಅಂತ ಮೂರು ಜನ ಕೇಳಿದರು. ಒಬ್ಬ ತಮ್ಮ ಅಂತೂ "ಅಣ್ಣ, ಕುರ್ಚಿ ಮೇಲೆ ಕೂತು ಕೂತು ತಣ್ಣಗಾಗ್ಬುಟ್ಟೆ ನೀನು" ಅಂತ ಬರೆದ. ತಣ್ಣಗಾಗಿಲ್ಲಪ್ಪ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಪುರುಸೊತ್ತಾದಾಗ ಓದಿ.

ನಾನು ಆ ಬೆಟ್ಟ ಹತ್ತಿ ಬಂದವನು. ಎರಡು ವರ್ಷದ ಹಿಂದೆ ಹೊಸಪೇಟೆಯಲ್ಲಿ ಒಂದು ಸಮಾವೇಶ ಇತ್ತು. ಮುಗಿದ ಮಾರನೇ ದಿನ ನಾವು ಮೂವರು ಗಂಗಾವತಿ ಬಸ್ಸು ಹತ್ತಿದೆವು. ತೆರಕಣಾಂಬಿಯಿಂದ ಅಷ್ಟು ದೂರ ಹೋಗಿ ಹಂಪಿ ನೋಡದೆ ಕಲ್ಲುಗುಡ್ಡ ಹತ್ತಿದ್ದಕ್ಕೆ ಮನೆಯಲ್ಲಿ ಈಗಲೂ ಬೈತಾರೆ. ಬಂಡೆ ಮೇಲೆ ಬಂಡೆ ಹತ್ತಿ ಹೋದರೆ ಮೇಲೆ ಹಾಸುಬಂಡೆಯ ಬಯಲು. ಅಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಮಂಡಿಯೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕೆಲವು ಬರೀ ವೃತ್ತ, ನೆಲದ ಮೇಲೆ ಕಲ್ಲು ಸುತ್ತಿಟ್ಟದ್ದು ಅಷ್ಟೇ. ಎಲ್ಲ ಸೇರಿ 400ಕ್ಕೂ ಹೆಚ್ಚು. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಅಂತ ವಿದ್ವಾಂಸರು ಹೇಳುತ್ತಾರೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಇದು ಸೇರಿತು.

ಅಲ್ಲಿ ನಿಂತಾಗ ನನಗೆ ಮೊದಲು ಬಂದದ್ದು ದೊರೆಗಳ ನೆನಪಲ್ಲ, ನಮ್ಮಪ್ಪನ ನೆನಪು. ನಮ್ಮಪ್ಪ ಕಲ್ಲು ಒಡೆಯೋ ಕೂಲಿ. ನಮ್ಮ ಜಿಲ್ಲೆಯ ಕರಿಕಲ್ಲು ದೇಶದೇಶಕ್ಕೆ ಹೋಗಿ ಯಾರ್ಯಾರದೋ ಗೋರಿಗೆ ಹಾಸಾಗುತ್ತದೆ, ಅದನ್ನು ಒಡೆದವರು ಯಾರು ಅಂತ ಯಾರೂ ಕೇಳಲ್ಲ. ಹಾಸುಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕಿ, ಕಾದ ಪದರವನ್ನು ಬಡಿದು ಸದ್ದು ಕೇಳಿ, "ಇಲ್ಲಿ ಎದ್ದದೆ" ಅಂತ ಹೇಳೋದು ಅಪ್ಪನಿಗೆ ಗೊತ್ತಿತ್ತು. ಹಿರೇಬೆಣಕಲ್ಲಿನ ಒಂದೊಂದು ಚಪ್ಪಡಿ ಏಳಿಸಲು ಎಷ್ಟು ಆಳು, ಎಷ್ಟು ದಿನ, ಎಷ್ಟು ಬೆರಳು ಜಜ್ಜಿರಬೇಕು ಅಂತ ನಾನು ಲೆಕ್ಕ ಹಾಕುತ್ತ ಕೂತೆ. ಬೆಟ್ಟದ ಮೇಲೇ ಒಂದು ಕೊಳ ಇದೆ. ಕಲ್ಲು ತೆಗೆದ ಗುಂಡಿಯೇ ನೀರು ನಿಂತು ಕೊಳ ಆಯಿತು ಅಂತಾರೆ. ನಮ್ಮ ಕಡೆ ಬಿಟ್ಟುಹೋದ ಕ್ವಾರಿಗಳೂ ಹಾಗೇ ತಾನೇ? ಇನ್ನೊಂದು ದೊಡ್ಡ ದುಂಡುಬಂಡೆ ಇದೆ, ನಗಾರಿ ಥರ. ಮರದ ಕೊಡತಿಯಿಂದ ಬಡಿದರೆ ಗುಂಯ್ ಅಂತ ಬಹಳ ದೂರ ಕೇಳುತ್ತದೆ. ಸಾವಿಗೆ ಬಡಿತಿದ್ದರೋ, ಹಬ್ಬಕ್ಕೋ, ಹುಲಿ ಬಂತು ಅಂತಲೋ! ನಮ್ಮ ಜೊತೆಗಿದ್ದ ತಮಟೆ ಬಾರಿಸೋ ಅಣ್ಣ ಮಾತ್ರ ಎರಡು ಸಲ ಕೈಯಲ್ಲೇ ತಟ್ಟಿ ನೋಡಿ, "ಇದಕ್ಕೆ ಬೆಂಕಿ ಕಾಯಿಸೋ ಕೆಲಸ ಇಲ್ಲ ನೋಡು" ಅಂದು ನಕ್ಕ.

ಈಗ ವಿಷಯಕ್ಕೆ. ಇದು ರಾಜಧಾನಿ ಅಲ್ಲ, ಅರಮನೆ ಅಲ್ಲ. ಸತ್ತವರ ಜಾಗ. ಇಂಥವನ್ನು ಸರಿಯಾಗಿ ಅಗೆದು ನೋಡಿದ್ದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1947ರಲ್ಲಿ, ಮಾರ್ಟಿಮರ್ ವೀಲರ್ ಎಂಬಾತ. ಅಶೋಕನ ಶಾಸನ ಇರುವ ಬ್ರಹ್ಮಗಿರಿಯೇ. ಕಲ್ಲುವೃತ್ತದ ಒಳಗೆ ಅಗೆದರೆ ಚಪ್ಪಡಿಯ ಪೆಟ್ಟಿಗೆ, ಅದಕ್ಕೊಂದು ಕಿಂಡಿ, ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಮೂಳೆ. ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆ. ಅಂದರೆ ಬೇರೆಲ್ಲೋ ಇಟ್ಟಿದ್ದ ದೇಹದ ಮೂಳೆಗಳನ್ನು ಆಮೇಲೆ ಆಯ್ದು ತಂದು ಇಲ್ಲಿ ಸೇರಿಸಿದ್ದಾರೆ. ಅಣ್ಣತಮ್ಮಂದಿರೋ, ಅತ್ತೆ ಸೊಸೆಯೋ, ಒಟ್ಟಿಗೆ ಮಲಗಿದ್ದಾರೆ.

ಇವರು ನಮ್ಮವರೇ ಅಂತ ಹೇಳಲು ಕಾಗದ ಎಲ್ಲಿದೆ? ಅವರ ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಅಲ್ಲಿ ಎಲ್ಲರೂ ಸಮಾನರಾಗಿದ್ದರು ಅಂತಲೂ ಹೇಳೋಕಾಗಲ್ಲ. ಆ ಕಾಲದ ಎಲ್ಲ ಹೆಣಕ್ಕೂ ಅಷ್ಟು ದೊಡ್ಡ ಚಪ್ಪಡಿ ಸಿಕ್ಕಿರಲಿಕ್ಕಿಲ್ಲ. ಚಪ್ಪಡಿ ಹೊತ್ತವನಿಗೆ ಚಪ್ಪಡಿ ಸಿಕ್ಕಿತೋ ಇಲ್ಲವೋ! ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಅಸ್ಪೃಶ್ಯತೆ ಜನಾಂಗದ ಬೇರೆತನದಿಂದ ಬಂತು ಅನ್ನೋ ವಾದವನ್ನೇ ತಳ್ಳಿಹಾಕಿದ್ದಾರೆ. ಯುದ್ಧಗಳಲ್ಲಿ ಚದುರಿಹೋಗಿ, ಊರ ಹೊರಗೆ ಕಾವಲಿಗೆ ನೆಲೆಸಿದ ಒಡೆದ ಬುಡಕಟ್ಟಿನ ಜನ ಅಂತ ಅವರು ಹೇಳಿದ್ದು. ಅದನ್ನು ಒಪ್ಪಿ, ಬಿಡಿ, ಆದರೆ ರಕ್ತದ ಲೆಕ್ಕ ಬೇಡ ಅಂತ ಹೇಳಿದವರ ಫೋಟೊ ಹಾಕಿಕೊಂಡು ನಾವು ರಕ್ತದ ಲೆಕ್ಕ ಹೇಳಬಾರದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಗೊತ್ತಲ್ಲ, ಅಲ್ಲೂ ಬಿಳಿ ಬಟ್ಟೆ ಹಾಕಿಕೊಂಡ ಜನ ಪ್ರತಿ ವರ್ಷ ಬಂದು ನಾವು ಡ್ರೂಯಿಡ್‌ಗಳು, ಇದು ನಮ್ಮ ಗುಡಿ ಅಂತಾರೆ. ಆ ದೊಡ್ಡ ಕಲ್ಲು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರು, ಡ್ರೂಯಿಡ್‌ಗಳು ಚರಿತ್ರೆಯಲ್ಲಿ ಕಾಣಿಸೋದು ಅದಾಗಿ ಎರಡು ಸಾವಿರ ವರ್ಷ ಕಳೆದ ಮೇಲೆ.

ಹಂಗಂತ ಆಚೆಯವರ ಕತೆಯನ್ನೂ ಒಪ್ಪಬೇಕಿಲ್ಲ. ಮೈಸೂರು ಸೀಮೆಯಲ್ಲಿ ಇಂಥ ಕಲ್ಲುಮನೆ ಕಂಡಲ್ಲೆಲ್ಲ "ಪಾಂಡವರ ಮನೆ", "ಪಾಂಡವರ ಗುಡಿ". ವನವಾಸದಲ್ಲಿ ಬಂದು ಕಟ್ಟಿದರಂತೆ. ಬೆಟ್ಟದಲ್ಲಿ ಒಂದು ಗುಹೆ ಇದ್ದರೆ ಭೀಮ, ಒಂದು ದೊಣೆ ಇದ್ದರೆ ದ್ರೌಪದಿ. ಊರಿನ ಜನ ಕಟ್ಟಿದ್ದನ್ನು ಕಾವ್ಯದವರ ಹೆಸರಿಗೆ ಖಾತೆ ಮಾಡಿಕೊಟ್ಟ ಹಾಗೆ. ಹಿರೇಬೆಣಕಲ್ ಕಡೆಯ ಹೆಸರೇ ನನಗೆ ಇಷ್ಟ: ಮೋರ್ಯರ ಗುಡ್ಡ. ಓದಿದವರು ಇದನ್ನು ಮೌರ್ಯರು ಅಂತ ತಿದ್ದುತ್ತಾರೆ. ಆದರೆ ಕತೆಯ ಮೋರ್ಯರು ಮೂರಡಿ ಎತ್ತರದ ಕುಳ್ಳರು. ಬೆಂಕಿಮಳೆ ಬರುತ್ತದೆ ಅಂತ ಗೊತ್ತಾಗಿ ತಲೆ ಮೇಲೆ ಕಲ್ಲು ಹೊದಿಸಿ ಮನೆ ಕಟ್ಟಿಕೊಂಡರಂತೆ. ಮಳೆ ಬಂತು, ಎಲ್ಲರೂ ಒಳಗೇ ಸತ್ತರಂತೆ. ಗೋರಿ ಅನ್ನೋದು ಜನಕ್ಕೆ ಮರೆತುಹೋಗಿದೆ, ಆದರೆ ಒಳಗಿರೋರು ಸತ್ತವರು ಅನ್ನೋದು ಮರೆತಿಲ್ಲ ನೋಡಿ.

ಇದಕ್ಕಿಂತ ಹತ್ತಿರದ್ದು ಹೇಳ್ತೀನಿ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಘಾಟಿ ಹತ್ತಿದರೆ ನೀಲಗಿರಿ. ಅಲ್ಲೂ ಹಳೆಯ ಕಲ್ಲುಮನೆಗಳು, ಕಲ್ಲುವೃತ್ತಗಳು. ಅಲ್ಲಿಯ ಕುರುಂಬರು ಸಾವಾದಾಗಲೆಲ್ಲ ಹೊಳೆಯಲ್ಲಿ ಸವೆದ ಒಂದು ಉದ್ದನೆಯ ನುಣ್ಣನೆ ಕಲ್ಲನ್ನು ತಂದು ಆ ಹಳೆಯ ಕಲ್ಲುಮನೆಯೊಳಗೆ ಇಡುತ್ತಿದ್ದರಂತೆ. ಅದಕ್ಕೆ "ದೆವ್ವ ಕೊಟ್ಟ ಕಲ್ಲು" ಅಂತ ಹೆಸರು. ಥರ್ಸ್ಟನ್ 1909ರಲ್ಲಿ ತಂದ ಸಂಪುಟಗಳಲ್ಲಿ ಈ ವಿಷಯ ಇದೆ. ಕೆಲವು ಕಲ್ಲುಮನೆಗಳು ಮೇಲ್ಚಪ್ಪಡಿ ಮುಟ್ಟುವವರೆಗೂ ಇಂಥ ಕಲ್ಲಿನಿಂದ ತುಂಬಿದ್ದವಂತೆ. ಯೋಚನೆ ಮಾಡಿ. ಆ ಮನೆ ಕಟ್ಟಿದವರು ಯಾರೋ, ಕಲ್ಲಿಟ್ಟವರು ಯಾರೋ. ಇದು ನಮ್ಮ ವಂಶದ್ದು ಅಂತ ಅವರು ಬೋರ್ಡ್ ಹಾಕಲಿಲ್ಲ. ಯಾರೋ ಸತ್ತವರಿಗೆ ಕಟ್ಟಿದ ಮನೆ, ನಮ್ಮ ಸತ್ತವರಿಗೂ ಜಾಗ ಇದೆ ಅಂತ ಒಂದೊಂದು ಕಲ್ಲು ಇಟ್ಟು ಹೋದರು. ಇದನ್ನು ಓದಿದ ದಿನ ನನಗೆ ಕಚೇರಿಯಲ್ಲಿ ಕೆಲಸ ಹೋಗಲಿಲ್ಲ.

ಯಾಕೆ ಅಂದ್ರೆ ನಮ್ಮಲ್ಲೂ ತಲೆಗೊಂದು ಕಲ್ಲು. ಹೆಸರಿಲ್ಲ, ತಾರೀಖಿಲ್ಲ. ಮೂರನೇ ದಿನ ಹಾಲುತುಪ್ಪಕ್ಕೆ ಹೋದಾಗ ಅಜ್ಜಿ ಕೈ ಹಿಡಿದು ತೋರಿಸೋಳು: "ಇದು ನಿಮ್ಮ ಮುತ್ತಾತಂದು ಕಣ ಮೊಗ, ತುಳಿಬ್ಯಾಡ. ಅದು ನಿಮ್ಮ ದೊಡ್ಡವ್ವಂದು, ಹೆರಿಗೇಲಿ ಹೋದ್ಲಲ್ಲ, ಅವಳ್ದು." ಅಜ್ಜಿಗೆ ನಲವತ್ತೋ ಐವತ್ತೋ ಕಲ್ಲು ಗೊತ್ತಿತ್ತು. ನನಗೆ ಒಂಬತ್ತು ಗೊತ್ತು.

ಅಪ್ಪ ಹೋದದ್ದು 2009ರ ಮಳೆಗಾಲದಲ್ಲಿ. ಸ್ಮಶಾನಕ್ಕೆ ಹೋಗುವ ದಾರಿಗೆ ಅಷ್ಟೊತ್ತಿಗೆ ಬಾಳೆ ಬಂದಿತ್ತು. ಪಕ್ಕದ ಜಮೀನಿನವರು ಪ್ರತಿ ವರ್ಷ ಒಂದೊಂದು ಸಾಲು ಮುಂದೆ ನೆಟ್ಟು ನೆಟ್ಟು ದಾರಿಯೇ ಇರಲಿಲ್ಲ. "ಗೊನೆ ಬಿಡೋ ಟೈಮು, ತುಳಿದ್ರೆ ಯಾರ್ ಕೊಡ್ತಾರೆ" ಅಂದರು. ಅಪ್ಪನನ್ನು ಹಳ್ಳದ ನೀರಿನಲ್ಲಿ ಸೊಂಟದವರೆಗೆ ಇಳಿದು ಸುತ್ತು ಹಾಕಿ ಹೊತ್ತೆವು. ಬದುಕಿರುವಷ್ಟೂ ದಿನ ಕಲ್ಲು ಹೊತ್ತವನನ್ನು ಹೊರಲು ನಮಗೆ ಎರಡು ಗಂಟೆ ಬೇಕಾಯಿತು. ನಾನು ಆಗ ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ್ದವನು, ಕಾನೂನು ಗೊತ್ತು ಅಂತ ಜಂಬ ಪಡೋನು. ಅವತ್ತು ಬಾಯಿ ಬರಲಿಲ್ಲ. ಇದನ್ನ ಇಲ್ಲೀವರೆಗೆ ಎಲ್ಲೂ ಬರೆದಿರಲಿಲ್ಲ.

ಆಮೇಲೆ ಪಹಣಿ ತೆಗೆಸಿದೆ. ಸ್ಮಶಾನ ಅಂತ ಎಲ್ಲೂ ಇಲ್ಲ. ಒಟ್ಟು ವಿಸ್ತೀರ್ಣದಲ್ಲಿ ಇಷ್ಟು ಗುಂಟೆ ಖರಾಬು, ಅಷ್ಟೇ. ಕಡತದ ಪ್ರಕಾರ ನಮ್ಮ ಮುತ್ತಾತ, ದೊಡ್ಡವ್ವ, ಅಪ್ಪ ಎಲ್ಲ ಮಲಗಿರೋದು ಪ್ರಯೋಜನವಿಲ್ಲದ ಜಾಗದಲ್ಲಿ. ಕೇಂದ್ರದ ರಕ್ಷಿತ ಸ್ಮಾರಕ ಆದರೆ ಸುತ್ತ 100 ಮೀಟರ್ ಯಾರೂ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 2500 ವರ್ಷದ ಗೋರಿಗೆ ಇದು ಇರಲೇಬೇಕು, ನನ್ನ ತಕರಾರಿಲ್ಲ. ಆದರೆ 15 ವರ್ಷದ ಗೋರಿಯ ಮೇಲೆ ಟ್ರ್ಯಾಕ್ಟರ್ ಹೋದರೆ ಯಾವ ಕಾಯ್ದೆಯೂ ಎದ್ದು ನಿಲ್ಲಲ್ಲ. 2019ರಲ್ಲಿ ಹೈಕೋರ್ಟು, ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಕೊಟ್ಟಿಲ್ಲ ಅಂತ ನ್ಯಾಯಾಂಗ ನಿಂದನೆ ಅರ್ಜಿಯವರೆಗೂ ಹೋಯಿತು. ಅಷ್ಟಾದರೂ ಎಷ್ಟೋ ಕಡೆ "ಊರಿಗೆ ಸ್ಮಶಾನ ಇದೆ" ಅಂತ ವರದಿ. ಊರಿಗೆ ಇದೆ ಸ್ವಾಮಿ, ಕೇರಿಗೆ? ಆ ಸ್ಮಶಾನಕ್ಕೆ ನಮ್ಮ ಹೆಣ ಬಿಡ್ತಾರಾ ಅನ್ನೋ ಕಾಲಂ ನಮೂನೆಯಲ್ಲೇ ಇಲ್ಲ.

ಅದಕ್ಕೇ ಆ ವಿಡಿಯೊ ನಾನು ಹಂಚಲಿಲ್ಲ ತಮ್ಮ. ಹಿರೇಬೆಣಕಲ್ ನಮ್ಮದು ಅಂತ ಒಂದು ಲಕ್ಷ ಜನ ಒತ್ತಿದರೂ ಯಾರಿಗೂ ನಷ್ಟ ಇಲ್ಲ, ಬಾಳೆತೋಟದವರೂ ಲೈಕ್ ಒತ್ತುತ್ತಾರೆ. ನಮ್ಮ ಸ್ಮಶಾನ ನಮ್ಮದು ಅಂತ ಒಂದು ಅರ್ಜಿ ಹಾಕಿ ನೋಡು, ಮಾರನೇ ದಿನ ಕೂಲಿಗೆ ಕರೆಯಲ್ಲ.

ಅರ್ಜಿ ಹಾಕಿದ್ದೀವಿ. ಮೊದಲನೇದು ಕಡತದಲ್ಲೇ ಕಳೆದುಹೋಯಿತು, ಎರಡನೇದು ವಾಪಸ್ ಬಂತು, ಇದು ಮೂರನೇದು. ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಜಾಗವನ್ನು ಸ್ಮಶಾನಕ್ಕೆ ಕಾಯ್ದಿರಿಸಿ, ಹದ್ದುಬಸ್ತು ಮಾಡಿ, ಬಾಂದುಕಲ್ಲು ಹಾಕಿಕೊಡಿ ಅಂತ. ಕೊನೆಗೂ ಅಳತೆಗೆ ದಿನ ಗೊತ್ತಾಗಿದೆ. ಭೂಮಾಪಕರು ಬಂದಾಗ "ಇಲ್ಲಿ ಗೋರಿ ಎಲ್ಲಿವೆ ತೋರಿಸಿ" ಅಂತಾರೆ. ಗಿಡಗಂಟಿ ಬೆಳೆದಿದೆ, ಅರ್ಧ ಕಲ್ಲು ಮಣ್ಣಿನಲ್ಲಿ ಹೂತಿವೆ, ಕೆಲವನ್ನು ಯಾರೋ ಬದುವಿಗೆ ಎತ್ತಿ ಹಾಕಿದ್ದಾರೆ. ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕೇರಿಯವರೆಲ್ಲ ಮಚ್ಚು, ಗುದ್ದಲಿ ಹಿಡಿದು ಸೇರ್ತಿದ್ದೀವಿ. ಬೇರೆ ಊರಿಗೆ ಮದುವೆ ಆಗಿ ಹೋದ ಅಕ್ಕಂದಿರು, ಅತ್ತೆಯರು ದಯವಿಟ್ಟು ಬನ್ನಿ. ಗಂಡಸರಿಗಿಂತ ನಿಮಗೇ ಜಾಸ್ತಿ ಕಲ್ಲು ಗೊತ್ತು, ಪ್ರತಿ ವರ್ಷ ಎಡೆ ತಗೊಂಡು ಹೋಗ್ತಿದ್ದೋರು ನೀವು. ವಯಸ್ಸಾದವರಿಗೆ ಆಟೊ ಮಾಡಿದ್ದೀವಿ. ಒಂದೊಂದು ಕಲ್ಲಿಗೂ ಸುಣ್ಣ ಬಳಿದು ನಂಬರ್ ಹಾಕಿ, ಯಾರದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಫೋಟೊ ತೆಗೆದು, ಅರ್ಜಿ ಜೊತೆ ಲಗತ್ತಿಸ್ತೀವಿ. ಯಾರದ್ದು ಅಂತ ಗೊತ್ತಿಲ್ಲದ ಕಲ್ಲಿಗೂ ನಂಬರ್ ಹಾಕ್ತೀವಿ.

ನಿಮ್ಮ ಊರಲ್ಲೂ ಇದೇ ಸಮಸ್ಯೆ ಇದ್ದರೆ ಮೊದಲು ಪಹಣಿ ತೆಗೆಸಿ ನೋಡಿ, ಆಮೇಲೆ ಹಳೆಯ ಗ್ರಾಮ ನಕಾಶೆ ಕೇಳಿ, ಎರಡನ್ನೂ ತಾಳೆ ಹಾಕಿ. ಅರ್ಜಿ ನಮೂನೆ ಟೈಪ್ ಮಾಡಿ ಇಟ್ಟಿದ್ದೀನಿ, ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಭಾನುವಾರ ಬರುವವರು ಸುಣ್ಣ ತರಬೇಡಿ, ನಮ್ಮ ಹತ್ತಿರ ಇದೆ. ಕುಡಿಯೋ ನೀರು ತನ್ನಿ, ಅಲ್ಲಿ ಹತ್ತಿರದಲ್ಲಿ ಯಾರೂ ಕೊಡಲ್ಲ.