ಇಂಗುಗುಂಡಿ ತೋಡೋಕೆ ಮುಂಚೆ ಒಂದು ಬಕೆಟ್ ನೀರು

ಮಣ್ಣಲ್ಲಿ ನೀರು ಎಷ್ಟು ಸುಲಭವಾಗಿ ಹರಿಯುತ್ತೆ ಅಂತ ಅಳೆಯೋದನ್ನ ನಾವು ಸಿವಿಲ್‌ನವರು ಲ್ಯಾಬಿನಲ್ಲಿ ಕಲೀತೀವಿ. ಅಚ್ಚಿಗೆ ಮಣ್ಣು ತುಂಬಿ, ಪೂರ್ತಿ ನೆನೆಸಿ, ಗಾಜಿನ ಕೊಳವೆಯಲ್ಲಿ ನೀರು ಇಳಿಯೋ ಸಮಯ ಬರೆದುಕೊಂಡು ಸೂತ್ರಕ್ಕೆ ಹಾಕಿದ್ರೆ 'ಕೆ' ಸಿಗುತ್ತೆ. ರೆಕಾರ್ಡಿಗೆ ಸಹಿ ಬೀಳುತ್ತೆ. ಅಲ್ಲಿಗೆ ಮುಗೀತು. ನಮ್ಮ ತಕರಾರು ಇರೋದು ಇಲ್ಲೇ.

ಈ ಅಳತೆ ಹುಟ್ಟಿದ್ದು ಪರೀಕ್ಷೆಗಲ್ಲ, ಒಂದು ಊರಿನ ಕುಡಿಯೋ ನೀರಿನ ಕೆಲಸದಲ್ಲಿ. ಫ್ರಾನ್ಸಿನ ದಿಜೋಂ ನಗರಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ 1856ರಲ್ಲಿ ಪ್ರಕಟಿಸಿದ ನಿಯಮವನ್ನೇ ನಾವು ಇವತ್ತೂ ಬಳಸೋದು.

ಈಗ ಬೆಂಗಳೂರಿಗೆ ಬನ್ನಿ. 2009ರಿಂದ ಇಲ್ಲಿ ನಿಗದಿತ ಅಳತೆಯ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಒಳ್ಳೇದೇ. ಆದರೆ ಇಂಗುಗುಂಡಿ ತೋಡುವಾಗ ಎಷ್ಟು ಜನ ಮಣ್ಣನ್ನ ಕೇಳ್ತಾರೆ? ದಪ್ಪ ಮರಳಿಗೂ ಜೇಡಿಮಣ್ಣಿಗೂ 'ಕೆ'ಯಲ್ಲಿ ಹತ್ತು ಲಕ್ಷ ಪಟ್ಟು ವ್ಯತ್ಯಾಸ ಇರಬಹುದು. ಮಾಮೂಲಿ ಕಟ್ಟಡದ ಕಾಂಕ್ರೀಟಿನ ಬಲ ಹತ್ತು ಪಟ್ಟೂ ಏರುಪೇರಾಗಲ್ಲ, ಆದ್ರೂ ಅದರ ಕ್ಯೂಬ್ ಒಡೆದು ನೋಡ್ತೀವಿ!

ಒಂದು ಒರಟು ಲೆಕ್ಕ. 1,000 ಚದರಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 1,850 ಲೀಟರ್ ನೀರು. ಉದ್ದ-ಅಗಲ 1 ಮೀಟರ್, ಆಳ ಒಂದೂವರೆ ಮೀಟರ್ ಗುಂಡಿಗೆ ಕಲ್ಲು ತುಂಬಿದ್ರೆ ಸಂದಿಗಳಲ್ಲಿ ನಿಲ್ಲೋದು 600 ಲೀಟರ್ ಆಸುಪಾಸು. ತಳದ ಮಣ್ಣು ಗಂಟೆಗೆ 5 ಸೆಂಟಿಮೀಟರ್ ಕುಡಿದ್ರೆ 12 ಗಂಟೆಯಲ್ಲಿ ಖಾಲಿ. ಅರ್ಧ ಸೆಂಟಿಮೀಟರ್ ಆದ್ರೆ 5 ದಿನ! ಗುಂಡಿಯ ಪಕ್ಕಗಳಿಂದ ಇಂಗೋದನ್ನ ಸೇರಿಸಿದ್ರೆ ಸ್ವಲ್ಪ ಬೇಗ ಆಗಬಹುದು. ಅಷ್ಟರಲ್ಲಿ ಮುಂದಿನ ಮಳೆ ಬಂದ್ರೆ ನೀರು ಸೀದಾ ರಸ್ತೆಗೆ.

ಬಾವಿ ತೋಡೋ ಕಸುಬಿನವರು ಮಣ್ಣನ್ನ ಕೈಯಲ್ಲಿ ಹಿಡಿದೇ ಹೇಳ್ತಾರೆ, ಟೆಸ್ಟ್ ಯಾಕೆ ಅಂತೀರಾ? ಅವರನ್ನ ಕೇಳಿ ಮಾಡಿದ್ರೆ ನಮ್ಮದೇನೂ ಆಕ್ಷೇಪ ಇಲ್ಲ. ಯಾರನ್ನೂ ಕೇಳದೆ, ಪ್ಲಾನಲ್ಲಿ ಒಂದು ಚೌಕ ತೋರಿಸಬೇಕು ಅಂತ ತೋಡೋದಿದೆಯಲ್ಲ, ಅದು ಬರೀ ದುಡ್ಡು ಹೂಳೋ ಕೆಲಸ.

ಲ್ಯಾಬಿನ 'ಕೆ' ಒಂದೇ ನಂಬಿದ್ರೂ ಸಾಲದು. ಅಚ್ಚಿಗೆ ಹೋಗೋದು ಪುಡಿ ಮಾಡಿ ಮತ್ತೆ ಕುಟ್ಟಿದ ಮಣ್ಣು. ಬೇರಿನ ದಾರಿ, ಎರೆಹುಳದ ತೂತು, ಪದರಗಳು ಅದರಲ್ಲೆಲ್ಲಿ ಬರಬೇಕು? ಹೊಲದಲ್ಲೇ ಅಳೀಬೇಕು. ಗುಂಡಿಯ ತಳ ಬರೋ ಆಳಕ್ಕೆ ಸಣ್ಣ ಕುಳಿ ತೋಡಿ, ನೀರು ತುಂಬಿ, ಸ್ಕೇಲ್ ಇಟ್ಟು, ಮೊಬೈಲಲ್ಲಿ ಟೈಮ್ ನೋಡಿದ್ರೆ ಆಯ್ತು. ಹಿಂದಿನ ದಿನವೇ ನೆನೆಸೋದು ಮಾತ್ರ ಮರೀಬಾರದು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಂತೂ ಇದು ಬೇಕೇ ಬೇಕು: ಬಿರುಕುಬಿಟ್ಟ ಒಣನೆಲ ಮೊದಲ ಬಕೆಟ್ಟನ್ನ ಗಟಗಟ ಕುಡಿಯುತ್ತೆ, ನೆನೆದು ಉಬ್ಬಿದ ಮೇಲೆ ಬಾಯಿ ಮುಚ್ಚಿಬಿಡುತ್ತೆ.

ಹಾಗಾಗಿ ನಮ್ಮ ಬೇಡಿಕೆ ಚಿಕ್ಕದು. ಲ್ಯಾಬಿನ ಜೊತೆ ಒಂದು ಮಧ್ಯಾಹ್ನ ಪ್ರತಿ ಬ್ಯಾಚನ್ನೂ ಹೊರಗೆ ಕಳಿಸಿ. ಹಾಸ್ಟೆಲ್ ಹಿಂದೆ, ಗ್ರೌಂಡ್ ಪಕ್ಕ, ಪಾರ್ಕಿಂಗ್ ಹತ್ತಿರ ಅಳೆದು, ಬಂದ ಅಂಕಿಗಳನ್ನ ಕ್ಯಾಂಪಸ್ ನಕ್ಷೆ ಮೇಲೆ ಬರೆದು ನೋಟಿಸ್ ಬೋರ್ಡಿಗೆ ಹಾಕ್ತೀವಿ. ಹಾರೆ, ಬಕೆಟ್ ನಾವೇ ತರ್ತೀವಿ.