ಮೇಜಿನ ಮೇಲೆ ದಂಡು ಹೂಡೋಣ

ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ‘ಗತವೈಭವ’ ಎಂಬ ಪದ ಎಷ್ಟು ಬಾರಿ ಉಚ್ಚರಿತವಾಗುತ್ತದೆಂದು ಯಾರೂ ಲೆಕ್ಕವಿಟ್ಟಿರಲಾರರು. ಗಡಿನಾಡಿನ ಸಮ್ಮೇಳನವಾದರೆ ‘ಶೌರ್ಯ’, ‘ಬಲಿದಾನ’, ‘ವೀರಪರಂಪರೆ’ ಎಂಬ ಪದಗಳೂ ಅದರೊಡನೆ ಸೇರಿಕೊಳ್ಳುತ್ತವೆ. ಭಾಷಣಕಾರರು ಕಂಠವೆತ್ತುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಶಾಲು ಹೊದ್ದವರು ಊಟಕ್ಕೆ ಏಳುತ್ತಾರೆ. ಅದೇ ಸಭೆಯಿಂದ ಹತ್ತು ಮಂದಿಯನ್ನು ಹೊರಗೆ ಕರೆದು, ‘ಸ್ವಾಮಿ, 1768ರ ನವೆಂಬರಿನಲ್ಲಿ ಈ ಹೊಸೂರಿಗೂ ಪಕ್ಕದ ಬಾಗಲೂರಿಗೂ ನಡುವೆ ನಡೆದುದೇನು?’ ಎಂದು ಕೇಳಿ ನೋಡಿ. ಹತ್ತರಲ್ಲಿ ಒಬ್ಬರು ಉತ್ತರಿಸಿದರೆ ಅದು ಆ ದಿನದ ಭಾಗ್ಯ. ಹೊಗಳುವುದಕ್ಕೆ ಅರಿತಿರಬೇಕೆಂಬ ನಿರ್ಬಂಧ ನಮ್ಮಲ್ಲಿ ಎಂದೋ ಸಡಿಲವಾಗಿದೆ.

ಇಲ್ಲಿ ನಾನು ಮಂಡಿಸುವ ಸಲಹೆ ಕೆಲವರಿಗೆ ನಗೆ ತರಿಸೀತು. ಪ್ರತಿವರ್ಷದ ಭಾಷಣಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿ, ಆ ಸಮಯಕ್ಕೂ ಆ ಹಣಕ್ಕೂ ಒಂದು ದೊಡ್ಡ ಮೇಜನ್ನೂ ಇನ್ನೂರು ಗೊಂಬೆ ಸೈನಿಕರನ್ನೂ ಸಿದ್ಧಪಡಿಸಿ, ಈ ನೆಲದಲ್ಲಿ ನಡೆದ ಯುದ್ಧಗಳನ್ನು ನಾವು ಆಡಬೇಕು. ಹೌದು, ಆಡಬೇಕು. ಆ ಆಟ ಯಾವುದೆಂದು ಅರಿಯದವರಿಗೆ ಎರಡು ಮಾತು ಹೇಳುತ್ತೇನೆ. ಮೇಜಿನ ಮೇಲೆ ಬೆಟ್ಟ, ಕೆರೆ, ದಾರಿ, ಕೋಟೆಗಳನ್ನು ಅಳತೆಗೆ ತಕ್ಕಂತೆ ರಚಿಸುತ್ತಾರೆ. ಹೆಬ್ಬೆರಳಿಗಿಂತ ಚಿಕ್ಕದಾದ ಗೊಂಬೆಗಳು ಸೈನಿಕರು. ಒಂದು ಗೊಂಬೆ ಐವತ್ತು ಜನಕ್ಕೋ ನೂರು ಜನಕ್ಕೋ ಸಮ. ಕಾಲಾಳು ಒಂದು ಸರದಿಗೆ ಇಷ್ಟು ಗೇಣು, ಕುದುರೆ ಇಷ್ಟು ಗೇಣು, ಹೇರೆತ್ತಿನ ಸಾಲು ಇಷ್ಟೇ ಗೇಣು ಎಂದು ನಿಯಮವಿರುತ್ತದೆ. ಗುಂಡಿನ ಫಲವನ್ನು ದಾಳ ಹೇಳುತ್ತದೆ. ವಿವಾದ ಬಂದರೆ ಮಧ್ಯಸ್ಥನ ಮಾತೇ ಕೊನೆ.

ಪ್ರಷ್ಯದ ರೈಸ್‌ವಿಟ್ಸ್ ಎಂಬ ಯುವ ಸೇನಾಧಿಕಾರಿ, ತನ್ನ ತಂದೆ ಆರಂಭಿಸಿದ್ದ ಇಂಥ ಆಟವೊಂದನ್ನು ತಿದ್ದಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದ. ಆ ದೇಶದ ಸೈನ್ಯ ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಅದನ್ನು ಬಳಸಿತು. ಮನೆಮಂದಿಯ ವಿನೋದಕ್ಕಾಗಿ ಅದನ್ನು ಸರಳಗೊಳಿಸಿ 1913ರಲ್ಲಿ ಪುಸ್ತಕ ಬರೆದವರು ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್. ಇದನ್ನು ಕೇಳಿದೊಡನೆ ‘ಹಾಗಾದರೆ ಇದು ಪರದೇಶದ ಸರಕು’ ಎನ್ನುವವರಿದ್ದಾರೆ. ಆನೆ, ಕುದುರೆ, ರಥ, ಕಾಲಾಳುಗಳನ್ನು ಹಲಗೆಯ ಮೇಲೆ ನಿಲ್ಲಿಸಿ ಅದಕ್ಕೆ ಚತುರಂಗವೆಂದು ಹೆಸರಿಟ್ಟು ಲೋಕಕ್ಕೆಲ್ಲ ಕೊಟ್ಟ ನಾಡಿನವರು ಆಡುವ ಮಾತೇ ಇದು? ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ಸ್ವತಃ ರೂಪಿಸಿದ ಅರಸರು. ಒಂದು ಕಡೆ ಕೆಲವೇ ಬಲಶಾಲಿಗಳು, ಇನ್ನೊಂದು ಕಡೆ ದುರ್ಬಲರ ಗುಂಪು ಇರುವ ಹುಲಿ-ಕುರಿ ಆಟದ ಮನೆಗಳನ್ನು ನಮ್ಮ ಗುಡಿಗಳ ಹಾಸುಗಲ್ಲಿನ ಮೇಲೆ ಹಿಂದಿನವರು ಕೊರೆದಿಟ್ಟಿದ್ದಾರೆ. ನವರಾತ್ರಿಯ ಬೊಂಬೆಹಬ್ಬದಲ್ಲಿ ಅಂಬಾರಿಯ ಹಿಂದೆ ಮುಂದೆ ಸಿಪಾಯಿ ಬೊಂಬೆಗಳನ್ನು ಸಾಲಾಗಿ ನಿಲ್ಲಿಸದ ಮನೆ ಎಷ್ಟು? ಆ ಸಿಪಾಯಿಗಳು ಒಂಬತ್ತು ದಿನ ಅಲುಗಾಡದೆ ನಿಂತು, ಹತ್ತನೆಯ ದಿನ ಮತ್ತೆ ಪೆಟ್ಟಿಗೆ ಸೇರುತ್ತಾರೆ. ಅವರನ್ನು ಒಂದು ಗೇಣು ಮುಂದಕ್ಕೆ ನಡೆಸಿದರೆ ಸಂಸ್ಕೃತಿ ಕೆಡುವುದಿಲ್ಲ.

ಇನ್ನು ಬಾಗಲೂರಿನ ಮಾತು. ಮೊದಲನೆಯ ಮೈಸೂರು ಯುದ್ಧದ ಕಾಲ. ಬಾರಾಮಹಲಿನ ಕೋಟೆಗಳು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದ್ದ ದಿನಗಳು. ಹೊಸೂರು ಕುಂಪಣಿಯವರ ವಶದಲ್ಲಿತ್ತು. ಹೈದರಾಲಿ ಬಂದು ಮುತ್ತಿಗೆ ಹಾಕಿದ. ಅದನ್ನು ಬಿಡಿಸಲು ಹೊರಟ ಕರ್ನಲ್ ವುಡ್, ವೇಗವಾಗಿ ನಡೆಯಬೇಕೆಂದು ತನ್ನ ಸರಂಜಾಮನ್ನೂ ಭಾರದ ತೋಪುಗಳನ್ನೂ ಬಾಗಲೂರಿನಲ್ಲಿ ಬಿಟ್ಟು, ಸುಮಾರು 12 ಕಿ.ಮೀ. ದಾರಿಯನ್ನು ಕತ್ತಲಲ್ಲೇ ಸವೆಸಿ ಹೊಸೂರನ್ನು ಹೊಕ್ಕ. ಹೈದರ್ ಅವನನ್ನು ಒಳಗೆ ಹೋಗಗೊಟ್ಟು, ತಾನು ಸರ್ರನೆ ಬಾಗಲೂರಿನ ಕಡೆ ತಿರುಗಿದ. ಅಲ್ಲಿದ್ದ ತೋಪು, ಮೂಟೆ, ಎತ್ತು ಎಲ್ಲವೂ ಅವನ ಪಾಲಾದವು. ವುಡ್ ತಿರುಗಿ ಓಡಿಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮುಂದೆ ಕುಂಪಣಿಯವರು ಅವನನ್ನು ಆ ಅಧಿಕಾರದಿಂದ ತೆಗೆದು ಮದರಾಸಿಗೆ ಕರೆಸಿಕೊಂಡರು.

ನಾಲ್ಕು ವಾಕ್ಯದ ಈ ಕಥೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಮಕ್ಕಳು ಬರೆದುಕೊಂಡರು, ಪರೀಕ್ಷೆಗೆ ಬರುವುದಿಲ್ಲವೆಂದು ತಿಳಿದೊಡನೆ ಮರೆತರು. ಈಗ ಕೆಲವು ವರ್ಷಗಳಿಂದ ನಾವು ಐದಾರು ಮಂದಿ ಸ್ನೇಹಿತರು ತಿಂಗಳಿಗೊಮ್ಮೆ ಅದನ್ನೇ ಮೇಜಿನ ಮೇಲೆ ಆಡುತ್ತಿದ್ದೇವೆ. ಒಬ್ಬರು ಭೂಮಾಪನ ಇಲಾಖೆಯಲ್ಲಿದ್ದವರು, ಒಬ್ಬರು ದರ್ಜಿ, ಒಬ್ಬರು ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಇಬ್ಬರ ಮನೆಮಾತು ತೆಲುಗು, ಒಬ್ಬರದು ತಮಿಳು. ಗೊಂಬೆಗಳು ಮರದವು, ನಾವೇ ಬಣ್ಣ ಹಚ್ಚಿದವು. ಆಟಗಾರರ ಕೈಗೆ ಬೇರೆ ಬೇರೆ ನಕ್ಷೆ ಕೊಡುತ್ತೇವೆ. ಎದುರಾಳಿಯ ದಂಡು ಎಲ್ಲಿದೆಯೆಂಬುದು ಕಣ್ಣಿಗೆ ಬೀಳುವವರೆಗೆ ಮಧ್ಯಸ್ಥನಿಗೆ ಮಾತ್ರ ಗೊತ್ತು. ಹೀಗಿರುವಾಗ ವುಡ್‌ನ ಕುರ್ಚಿಯಲ್ಲಿ ಕುಳಿತವನ ಸಂಕಟ ನೋಡಬೇಕು. ಎತ್ತುಗಳನ್ನು ಜೊತೆಗೆ ಕರೆದೊಯ್ದರೆ ಹೊಸೂರು ಬೀಳುತ್ತದೆ. ಬಿಟ್ಟುಹೋದರೆ ಬಾಗಲೂರು ಬೀಳುತ್ತದೆ. ಅರ್ಧ ದಂಡನ್ನು ಕಾವಲಿಗಿಟ್ಟರೆ ಎರಡೂ ಬೀಳಬಹುದು. ಪುಸ್ತಕ ಓದಿ ‘ವುಡ್ ದಡ್ಡ’ ಎಂದಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಆ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ತಲೆಯ ಮೇಲೆ ಕೈಹೊತ್ತು ಕುಳಿತ. ಬಳಿಕ ಹೈದರನ ಚುರುಕಿನ ಬಗ್ಗೆ ಅವನಾಡಿದ ಮಾತಿನಲ್ಲಿ ಯಾವ ವಿಶೇಷಣವೂ ಇರಲಿಲ್ಲ. ಕುದುರೆ ಎಷ್ಟು ಗೇಣು ಹೋಯಿತೆಂಬ ಲೆಕ್ಕವಿತ್ತು.

‘ಕೊಲೆಯನ್ನು ವಿನೋದ ಮಾಡಬಹುದೇ ಮೇಷ್ಟ್ರೇ?’ ಎಂದು ಹಿರಿಯರೊಬ್ಬರು ನನ್ನನ್ನು ಗದರಿಸಿದರು. ಪ್ರಶ್ನೆ ಗೌರವಾರ್ಹವಾದುದು, ಉತ್ತರಿಸಬೇಕು. ಬಾಗಲೂರಿನಲ್ಲಿ ಆ ದಿನ ಹೈದರನ ದಂಡು ಬಂದಾಗ, ಊರವರೂ ಪಾಳೆಯದ ಹಿಂದೆ ಬಂದಿದ್ದ ಜನರೂ ಕೋಟೆಯೊಳಕ್ಕೆ ಹೋಗಲು ಬಾಗಿಲಿಗೆ ಮುಗಿಬಿದ್ದರು. ಆ ನೂಕುನುಗ್ಗಲಿನಲ್ಲಿ ಹೆಂಗಸರು ಮಕ್ಕಳೂ ಸೇರಿ ಅನೇಕರು ತುಳಿತಕ್ಕೆ ಸಿಕ್ಕಿ ಸತ್ತರು. ನಮ್ಮ ಯಾವ ವೇದಿಕೆಯ ಭಾಷಣದಲ್ಲಿಯೂ ನಾನು ಇವರ ಸುದ್ದಿಯನ್ನು ಕೇಳಿಲ್ಲ. ನಮ್ಮ ಮೇಜಿನ ಮೇಲೆ ಅವರಿದ್ದಾರೆ: ಕೋಟೆಯ ಹೊರಗೆ ಒಂದು ಹಿಡಿ ರಾಗಿ ಕಾಳನ್ನು ಹರಡುತ್ತೇವೆ. ಬಾಗಿಲು ಮುಚ್ಚಲು ಆಜ್ಞೆ ಕೊಡುವ ಆಟಗಾರ ಹೊರಗುಳಿದ ಕಾಳುಗಳನ್ನು ಒಂದೊಂದಾಗಿ ಎಣಿಸಿ ಗಟ್ಟಿಯಾಗಿ ಹೇಳಬೇಕು. ಅದು ನಾವು ಬರೆದ ನಿಯಮ. ಎಣಿಸುವಾಗ ಕೋಣೆಯಲ್ಲಿ ಯಾರೂ ನಗುವುದಿಲ್ಲ. ವೆಲ್ಸರು ಸಹ ತಮ್ಮ ಪುಸ್ತಕದ ಕೊನೆಗೆ ತಲುಪಿದುದು ನಿಜವಾದ ಯುದ್ಧದ ಮೂರ್ಖತನದ ಮಾತಿಗೇ. ಮರುವರ್ಷವೇ ಯೂರೋಪು ಹೊತ್ತಿಕೊಂಡಿತು. ಕೊಲೆಯನ್ನು ವಿನೋದ ಮಾಡುತ್ತಿರುವುದು ಬೆರಳ ತುದಿಯಲ್ಲಿ ನಿಮಿಷಕ್ಕೆ ಹತ್ತು ಹೆಣ ಉರುಳಿಸುವ ಮೊಬೈಲಿನ ಆಟ. ಅದನ್ನು ಮೊಮ್ಮಗನ ಕೈಗೆ ಕೊಟ್ಟು ಊಟ ಮಾಡಿಸುವ ಮನೆಗಳಿಂದಲೇ ನನ್ನ ಮರದ ಗೊಂಬೆಗಳಿಗೆ ಆಕ್ಷೇಪ ಬರುತ್ತಿದೆಯೆಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಎರಡನೆಯ ಆಕ್ಷೇಪ ಹೆಚ್ಚು ನಯವಾದುದು. ‘ಹೈದರ್, ಟಿಪ್ಪು ಎಂದರೆ ಈಗಿನ ಕಾಲದಲ್ಲಿ ಜಗಳ, ಸಂಘಕ್ಕೆ ಯಾಕೆ ಬೇಕು?’ ಜಗಳವಾಡುವವರಲ್ಲಿ ಎಷ್ಟು ಮಂದಿ ರಾಯಕೋಟೆಯ ಬೆಟ್ಟ ಹತ್ತಿದ್ದಾರೆ? 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿಯೂ ದವಸವಿಲ್ಲದೆ, ಎತ್ತುಗಳು ಸತ್ತು, ತನ್ನ ಭಾರದ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಆ ಜುಲೈಯಲ್ಲಿ ಅವನ ಸೈನ್ಯ ಹೊಸೂರಿಗೂ ರಾಯಕೋಟೆಗೂ ಬಂದುದು ಕೆಳಗಿನ ಸೀಮೆಯಿಂದ ದವಸ ಏರಿಬರುವ ಕಣಿವೆ ದಾರಿಗಾಗಿ. ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಪೇಟೆಯನ್ನು ಹಿಡಿದರೂ ಮೇಲಿನ ಕೋಟೆಯ ಮುಂದೆ ಸೋತು ಇಳಿದ. ಕೋಟೆ ಹಿಡಿಯಲಾಗದ ಆ ಬಾರಾಮಹಲು 1792ರ ಒಪ್ಪಂದದಲ್ಲಿ ಕಾಗದದ ಮೇಲೆ ಕುಂಪಣಿಗೆ ಸೇರಿತು. ಹೊಸೂರಿನ ಭಾಗ 1799ರಲ್ಲಿ ಸೇರಿತು. ನಾವು ಇಂದು ಯಾವ ರಾಜ್ಯದ ಪ್ರಜೆಗಳೆಂಬ ಪ್ರಶ್ನೆಯ ಬೇರು ಆ ಎರಡು ವರ್ಷಗಳಲ್ಲಿದೆ. 1956ನ್ನು ಮಾತ್ರ ಹಿಡಿದು ಅಳುವವರು ಇದನ್ನು ಗಮನಿಸಿಲ್ಲ. ಇನ್ನು ಪಕ್ಷಪಾತದ ಮಾತು: ನಮ್ಮಲ್ಲಿ ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಈ ತಿಂಗಳು ಸುಲ್ತಾನನ ಕಿಲ್ಲೇದಾರನಾಗಿ ಕೃಷ್ಣಗಿರಿಯನ್ನು ಕಾದವನು ಮುಂದಿನ ತಿಂಗಳು ಮ್ಯಾಕ್ಸ್‌ವೆಲ್ಲನಾಗಿ ಅದೇ ಬಂಡೆಯನ್ನು ಹತ್ತಬೇಕು. ಎರಡೂ ಕಡೆಯ ಬಿಸಿಲು ಕಂಡವನು ಬೀದಿಯಲ್ಲಿ ನಿಂತು ಕೂಗಲು ತುಸು ಹಿಂಜರಿಯುತ್ತಾನೆ, ನಾನು ಕಂಡಿದ್ದೇನೆ.

ಇನ್ನೊಂದು ದೂರು ನಮ್ಮ ಯುವಕರ ಮೇಲೆಯೇ ಇದೆ. ಸ್ನೇಹಿತರ ಮಗನೊಬ್ಬ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು, ಈ ಆಟದಲ್ಲಿ ನುರಿತವನು. ಅವನ ಪೆಟ್ಟಿಗೆಯಲ್ಲಿ ನೆಪೋಲಿಯನ್ನನ ಕಾವಲುಪಡೆಯ ಗುಂಡಿ ಗುಂಡಿಗೂ ಬಣ್ಣ ಹಚ್ಚಿದ ಗೊಂಬೆಗಳಿವೆ. ವಾಟರ್ಲೂ ಕಾಳಗದ ಪ್ರತಿಯೊಂದು ಗಂಟೆಯ ಲೆಕ್ಕ ಅವನಿಗೆ ಬಾಯಿಪಾಠ. ಅಲ್ಲಿ ಗೆದ್ದ ವೆಲಿಂಗ್‌ಟನ್, ಅದಕ್ಕೆ ಹದಿನಾರು ವರ್ಷ ಮೊದಲು, 1799ರ ಮಾರ್ಚಿನಲ್ಲಿ, ಕರ್ನಲ್ ವೆಲ್ಲೆಸ್ಲಿಯಾಗಿ ಹ್ಯಾರಿಸ್ಸನ ಸೈನ್ಯದೊಡನೆ ಇದೇ ರಾಯಕೋಟೆಯ ದಾರಿಯಲ್ಲಿ ಮೈಸೂರು ಸೀಮೆಗೆ ಇಳಿದವನೆಂದು ಹೇಳಿದಾಗ, ‘ಹೌದಾ ಅಂಕಲ್?’ ಎಂದ. ಆ ರಸ್ತೆಯಲ್ಲಿ ಅವನು ಪ್ರತಿ ದೀಪಾವಳಿಗೂ ಕಾರಿನಲ್ಲಿ ಬರುತ್ತಾನೆ! ತಪ್ಪು ಅವನದಲ್ಲ. ಅವನಿಗೆ ಸಿಕ್ಕಿದ ನಿಯಮಪುಸ್ತಕ ಇಂಗ್ಲಿಷಿನದು, ನಕ್ಷೆ ಬೆಲ್ಜಿಯಂನದು. ಕನ್ನಡದಲ್ಲಿ ನಾವು ಕೊಟ್ಟದ್ದು ಭಾಷಣ.

ಭಾಷೆಯ ವಿಷಯ ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಹೊಸ ಪದವನ್ನು ಟಂಕಿಸುವ ಅಗತ್ಯ ಬೀಳಲೇ ಇಲ್ಲ. ದಂಡು, ಪಾಳೆಯ, ಕೊತ್ತಳ, ಬುರುಜು, ಕಂದಕ, ದಿಡ್ಡಿಬಾಗಿಲು, ಮದ್ದಿನಮನೆ, ಬೇಹು, ಲಗ್ಗೆ, ಠಾಣ್ಯ, ಹೇರೆತ್ತು—ಎಲ್ಲವೂ ಸಿದ್ಧವಾಗಿ ಕಾದಿದ್ದವು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ಸೀಮೆಯಲ್ಲಿ, ‘ಲಗ್ಗೆ ಹಾಕುತ್ತೇನೆ’ ಎಂದು ತಮಿಳು ಮನೆಮಾತಿನ ಹುಡುಗಿಯೊಬ್ಬಳು ಕೂಗಿ ದಾಳ ಎಸೆದಾಗ ನನಗಾದ ಸಂತೋಷವನ್ನು ಯಾವ ಅಭಿನಂದನಾ ಗ್ರಂಥವೂ ಕೊಡಲಾರದು. ಕನ್ನಡ ಉಳಿಸಿರೆಂದು ಅವಳಿಗೆ ಯಾರೂ ಉಪದೇಶಿಸಿರಲಿಲ್ಲ. ಗೆಲ್ಲಬೇಕಿತ್ತು, ಆದ್ದರಿಂದ ಆಡಿದಳು.

ಖರ್ಚಿನ ಮಾತೆತ್ತುವವರಿಗೆ: ಮೇಜು ಹಳೆಯ ಬಾಗಿಲುಗಳೆರಡನ್ನು ಜೋಡಿಸಿ ಮಾಡಿದ್ದು, ಬೆಟ್ಟಗಳು ಗೋಣಿತಾಟಿಗೆ ಸುಣ್ಣ ಮೆತ್ತಿದವು. ಎಂಟು ಅಡಿ ಉದ್ದ, ಐದು ಅಡಿ ಅಗಲದ ಜಾಗ ಬೇಕು, ಮೇಲೆ ಒಂದು ದೀಪ ಬೇಕು. ಕಳೆದ ಸಲ ಒಂದು ಸಂಸ್ಥೆಯ ಸಭಾಂಗಣವನ್ನು ಕೇಳಿದಾಗ ‘ವೃದ್ಧರ ಬೊಂಬೆಯಾಟಕ್ಕೆ ಕೊಡಲಾಗದು’ ಎಂಬ ಉತ್ತರ ಬಂದಿತು. ಅದೇ ಸಭಾಂಗಣವನ್ನು ಆ ವಾರ ಸೀರೆ ಮಾರಾಟಕ್ಕೆ ಕೊಟ್ಟಿದ್ದರು. ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯ ಅವಧಿಯನ್ನೂ ಒಂದು ಕೋಣೆಯನ್ನೂ ಸಂಘವು ನಮಗೆ ಬಿಟ್ಟುಕೊಡಲಿ. ಬಾಗಲೂರಿನ ನಕ್ಷೆ ಸಿದ್ಧವಾಗಿದೆ, ಎತ್ತುಗಳಿಗೆ ಬಣ್ಣ ಹಚ್ಚುವ ಕೆಲಸವಷ್ಟೇ ಉಳಿದಿದೆ. ಹೈದರನ ಕಡೆಗೆ ಆಟಗಾರರು ಬೇಕಾದಷ್ಟಿದ್ದಾರೆ. ವುಡ್‌ನ ಕಡೆಗೆ ಇಬ್ಬರು ಬೇಕು.