ಮಳೆ ಎಲ್ಲರಿಗೆ, ಪರಿಹಾರ ಪಹಣಿಗೆ

2021ರ ನವೆಂಬರಿನ ಅಕಾಲ ಮಳೆಯನ್ನು ನಮ್ಮ ವಾಚಕರು ಮರೆತಿರಲಾರರು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು ಆ ತಿಂಗಳ 19ರಂದು ಪುದುಚೇರಿ-ಚೆನ್ನೈಗಳ ನಡುವೆ ಕರಾವಳಿ ದಾಟಿತು. ಚಳಿಗಾಲದ ಹೊಸ್ತಿಲಲ್ಲಿ ಸುರಿದ ಆ ದಿನಗಳ ಮಳೆಗೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಟ್ಟಸೀಮೆಯಲ್ಲಿ ಹಣ್ಣಾದ ಕಾಫಿ ಗಿಡದಿಂದ ಉದುರಿತು; ಕಣದಲ್ಲಿ ಹರವಿದ್ದು ಒಣಗದೆ ಕೆಟ್ಟಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಮಾರು ಕಳೆದುಕೊಂಡಿದ್ದ ಕೊಡಗಿಗೆ ಇದು ಗಾಯದ ಮೇಲೆ ಎಳೆದ ಬರೆ.

ಅದೇ ಮಳೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಕೊಯ್ಲಿಗೆ ನಿಂತ ಭತ್ತ ನೆಲಕ್ಕೊರಗಿತು. ತೋಟದ ಲೈನ್ ಮನೆಯ ಕೂಲಿಗೂ ಜವಳಗೇರಾದ ಗದ್ದೆಯ ಕೂಲಿಗೂ ಕಷ್ಟ ಒಂದೇ: ಕೆಲಸ ನಿಂತರೆ ಒಲೆ ಹೊತ್ತುವುದಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಸರಕಾರವು ನೀರಾವರಿ ಬೆಳೆಯ ಪರಿಹಾರವನ್ನು ಹೆಕ್ಟೇರಿಗೆ 13,500 ರೂಪಾಯಿಗಳಿಂದ 25,000ಕ್ಕೆ, ತೋಟದ ಬೆಳೆಯದನ್ನು 18,000ದಿಂದ 28,000ಕ್ಕೆ ಏರಿಸಿತು. ಮಿತಿ 2 ಹೆಕ್ಟೇರು. ಏರಿಕೆ ಸ್ವಾಗತಾರ್ಹವೇ. ಆದರೆ ಹಣ ಯಾರ ಕೈ ಸೇರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಪರಿಹಾರ ಪಹಣಿಯಲ್ಲಿನ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ಬಾಯಿಮಾತಿನ ಗುತ್ತಿಗೆ ಮಾತ್ರ ಉಳಿದುಕೊಂಡಿತು. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ಗುತ್ತಿಗೆದಾರ. ಬೆಳೆ ಹೋದರೆ ಹಣ ಭೂಮಾಲೀಕನ ಖಾತೆಗೆ. ಕೂಲಿಯವನ ಹೆಸರಂತೂ ಯಾವ ಕಾಗದದಲ್ಲೂ ಇಲ್ಲ.

ಇದು ರೈತರ ಗೋಳು, ನಮಗೇನು ಎಂದು ಪೇಟೆಯವರು ಸುಮ್ಮನಿರಬಾರದು. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇಕಡಾ 17ನ್ನು ಮೀರುವಂತಿಲ್ಲ. ನೆನೆದ ಭತ್ತ ಸಿಕ್ಕ ದರಕ್ಕೆ ದಲಾಲರ ಪಾಲಾಗುತ್ತದೆ. ಗಿರಣಿಗೆ ಚೀಲ ಬಾರದಿದ್ದರೆ ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲನಿಗೆ ಕೂಲಿಯಿಲ್ಲ. ಹಮಾಲನಿಗೆ ಕೂಲಿಯಿಲ್ಲದಿದ್ದರೆ ಕಿರಾಣಿ ಅಂಗಡಿಯ ಉದ್ರಿ ತೀರುವುದಿಲ್ಲ. ಗದ್ದೆಯಲ್ಲಿ ಬಿದ್ದ ತೆನೆ ಗಿರಣಿಯನ್ನೂ ಅಂಗಡಿಯನ್ನೂ ತನ್ನೊಡನೆ ಕೆಡವುತ್ತದೆ.

ಮಳೆಯನ್ನು ತಡೆಯಲು ಯಾವ ಸರಕಾರಕ್ಕೂ ಆಗದು. ಅನ್ಯಾಯವನ್ನು ತಡೆಯಲು ಆಗುತ್ತದೆ. ಬೆಳೆಹಾನಿಯ ಸಮೀಕ್ಷೆಯಲ್ಲಿ ಉಳುವವನ ಹೆಸರು ಬರೆದು ಗ್ರಾಮಸಭೆಯಲ್ಲಿ ಓದಬೇಕು. ಕೆಲಸ ನಿಂತ ದಿನಗಳಿಗೆ ಕೂಲಿಕಾರರಿಗೂ ಹಮಾಲರಿಗೂ ಪರಿಹಾರ ಕೊಡಬೇಕು. ಖರೀದಿ ಕೇಂದ್ರಗಳಲ್ಲಿ ಭತ್ತ ಒಣಗಿಸುವ ಯಂತ್ರ ಇಡಬೇಕು. ಈ ಮೂರನ್ನು ನಾವು ಭಿಕ್ಷೆಯೆಂದು ಬೇಡುತ್ತಿಲ್ಲ, ದುಡಿಮೆಯ ಹಕ್ಕೆಂದು ಕೇಳುತ್ತೇವೆ. ಮುಂದಿನ ಮೋಡ ಕವಿಯುವ ಮೊದಲೇ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಉಳುವವನ ಜೊತೆ ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲಬೇಕು.